ಇನ್ನೂರು ರೂಪಾಯಿಯ ಕೋಣೆ

“ಗುರುಗಳೇ, ಒಂದು ವಸ್ತುವನ್ನು ಕಡಿಮೆ ಬೆಲೆಗೆ ಕೇಳುವುದು ತಪ್ಪೇ?” ಎಂದು ಶಿಷ್ಯನೊಬ್ಬ ಕೇಳಿದ. ಮಠಕ್ಕೆ ಬೇಳೆಕಾಳು, ತರಕಾರಿ ತರುವ ಕೆಲಸ ಅವನದು. ಚೌಕಾಸಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೆಸರು ರಾಚಪ್ಪ. ಅವನಿಗೆ ಒಬ್ಬಳೇ ಅಕ್ಕ, ಕಮಲವ್ವ. ಮುಪ್ಪಿನಲ್ಲಿ ತಾಯಿ ಮಗನನ್ನು ಬಿಟ್ಟು ಮಗಳ ಮನೆಯಲ್ಲಿರಲು ಹೋದಳು. ಅಕ್ಕನಿಂದ ತನ್ನ ಮಾನ ಹೋಯಿತು ಎಂದು ವ್ಯಾಪಾರಿ ತಿಳಿದ. ತಾಯಿ ಅಲ್ಲಿಯೇ ತೀರಿಕೊಂಡಳು. ಅವನು ಹೋಗಿ ಮಣ್ಣು ಕೊಟ್ಟು, ಅಕ್ಕನ ಮನೆಯ ಒಳಗೆ ಕಾಲಿಡದೆ ಹಿಂದಿರುಗಿದ. “ಇನ್ನು ನನಗೆ ಅಕ್ಕ ಇಲ್ಲ” ಎಂದು ಹತ್ತು ಜನರೆದುರು ಅಂದ. ಒಂಬತ್ತು ವರ್ಷ ಕಳೆಯಿತು. ಈ ನಡುವೆ ಆಕೆಯ ಗಂಡ ತೀರಿಕೊಂಡ, ಆಕೆ ಆ ಊರು ಬಿಟ್ಟಳು ಎಂಬ ಸುದ್ದಿ ಬಂತು. ಎಲ್ಲಿಗೆ ಹೋದಳು ಎಂದು ಅವನು ಕೇಳಲಿಲ್ಲ.

ವ್ಯಾಪಾರದ ಕೆಲಸಕ್ಕೆ ಅವನು ಊರೂರು ತಿರುಗುತ್ತಿದ್ದ. ಉಳಿಯುವ ಕೋಣೆಯನ್ನು ಫೋನಿನಲ್ಲಿಯೇ ಬೆಲೆ ಕೂಗಿ ಹಿಡಿಯುತ್ತಿದ್ದ. ಅದರ ಕ್ರಮ ಹೀಗೆ: ಯಾವ ಊರು, ಯಾವ ದಿನ, ಎಷ್ಟು ಕೊಡುತ್ತೇನೆ ಎಂದು ಕೇಳುವವನು ಬರೆಯಬೇಕು. ಅವನ ಹೆಸರು, ಊರು ಕೋಣೆಯವರಿಗೆ ಕಾಣುತ್ತದೆ. ಕೋಣೆಯವರು ಯಾರೆಂದು ಅವನಿಗೆ ಕಾಣುವುದಿಲ್ಲ, ಒಂದು ಸಂಖ್ಯೆ ಮಾತ್ರ ಕಾಣುತ್ತದೆ. ಅವರು ಒಪ್ಪಿ, ಇವನು ಹಣ ಕಟ್ಟಿದ ಮೇಲೆಯೇ ಹೆಸರು, ವಿಳಾಸ ತಿಳಿಯುತ್ತದೆ. ಈ ಆಟದಲ್ಲಿ ವ್ಯಾಪಾರಿ ಪಳಗಿದ್ದ. ಎರಡು ಸಾವಿರದ ಕೋಣೆಯನ್ನು ಎಂಟುನೂರಕ್ಕೆ ಹಿಡಿದೆ ಎಂದು ಅಂಗಡಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದ.

ಒಮ್ಮೆ ಅವನು ಸಮುದ್ರದ ದಂಡೆಯ ಒಂದು ಊರಿಗೆ ಹೋಗಬೇಕಾಯಿತು. ಅಲ್ಲಿ ಸಾವಿರದೈನೂರಕ್ಕಿಂತ ಕಡಿಮೆಯ ಕೋಣೆ ಇರಲಿಲ್ಲ. ಅವನು ಐನೂರು ಎಂದು ಕೂಗಿದ. ಒಂದು ನಿಮಿಷವೂ ಆಗಿರಲಿಲ್ಲ, ಹದಿನಾಲ್ಕನೆಯ ಸಂಖ್ಯೆಯವರು ಒಪ್ಪಿದರು.

ವ್ಯಾಪಾರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ಬೇಗ ಒಪ್ಪಿದರೆಂದರೆ ನಾನೇ ಹೆಚ್ಚು ಕೂಗಿದೆ ಎಂದುಕೊಂಡ. ಹಣ ಕಟ್ಟದೆ ಅದನ್ನು ಕೈಬಿಟ್ಟು ಮುನ್ನೂರು ಎಂದು ಕೂಗಿದ. ಮತ್ತೆ ಅವರೇ ಒಪ್ಪಿದರು. ಇನ್ನೂರು ಎಂದ. ಅದಕ್ಕೂ ಒಪ್ಪಿದರು.

ಈಗ ಅವನಿಗೆ ಅನುಮಾನ ಬಂತು. ಇನ್ನೂರು ರೂಪಾಯಿಗೆ ಕೋಣೆ ಕೊಡುವವರು ಎಂಥವರು? ತಿಗಣೆ ಇರಬೇಕು, ಇಲ್ಲವೇ ಕಳ್ಳರಿರಬೇಕು. ಅದನ್ನು ಬಿಟ್ಟು ಇನ್ನೊಂದು ವಸತಿಗೃಹದೊಡನೆ ವಾದಕ್ಕೆ ಬಿದ್ದ. ಅವರು ಹತ್ತು ಹತ್ತು ರೂಪಾಯಿಗೂ ಎಳೆದಾಡಿದರು. ಕೊನೆಗೆ ಒಂಬೈನೂರಕ್ಕೆ ಒಪ್ಪಿದರು. ಗೆದ್ದೆ ಎಂದು ಅವನಿಗೆ ಸಮಾಧಾನವಾಯಿತು. ಹೋದ, ಉಳಿದ, ಕೆಲಸ ಮುಗಿಸಿ ಬಂದ.

ಏಳೆಂಟು ತಿಂಗಳ ಮೇಲೆ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದಳು. ಕೈಯಲ್ಲಿ ಅವನ ತಾಯಿಯ ಫೋಟೋ ಇತ್ತು.

“ನಾನು ಬಟ್ಟೆ ಹೊಲಿಯುವವಳು. ಕಮಲಕ್ಕನ ಪಕ್ಕದ ಮನೆಯವಳು” ಎಂದಳು. “ಅಕ್ಕ ಹೋದ ತಿಂಗಳು ತೀರಿಕೊಂಡರು. ಇದು ತಮ್ಮನಿಗೆ ಸೇರಬೇಕು ಅಂದಿದ್ದರು.”

ವ್ಯಾಪಾರಿ ಫೋಟೋ ತೆಗೆದುಕೊಂಡ. ಯಾವ ಊರು ಎಂದು ಕೇಳಿದ. ಅವಳು ಸಮುದ್ರದ ದಂಡೆಯ ಆ ಊರಿನ ಹೆಸರು ಹೇಳಿದಳು. ಅಲ್ಲಿ ಕಮಲವ್ವ ಮನೆಯ ಎರಡು ಕೋಣೆಗಳನ್ನು ಬಂದುಹೋಗುವವರಿಗೆ ಕೊಟ್ಟು ಜೀವನ ಮಾಡುತ್ತಿದ್ದಳಂತೆ. ಫೋನು ನೋಡುವುದು ಆಕೆಗೆ ಅಷ್ಟಾಗಿ ಬಾರದು, ಅದನ್ನೆಲ್ಲ ಈ ಹೆಂಗಸೇ ನೋಡಿಕೊಳ್ಳುತ್ತಿದ್ದಳು.

“ಆವತ್ತು ನೀವು ಕೋಣೆ ಕೇಳಿದಾಗ ನಿಮ್ಮ ಹೆಸರು ನಾನೇ ಓದಿ ಹೇಳಿದೆ. ಅಕ್ಕ ಊರಿನ ಹೆಸರನ್ನು ಎರಡು ಸಲ ಓದಿಸಿದರು. ಆಮೇಲೆ ಹೂಂ ಅನ್ನು, ಬೇಗ ಹೂಂ ಅನ್ನು ಅಂದರು. ನೀವು ಮುನ್ನೂರು ಅಂದಿರಿ. ಅದಕ್ಕೂ ಹೂಂ ಅನ್ನು ಅಂದರು. ಇನ್ನೂರಕ್ಕೆ ನಾನೇ ತಡೆದೆ. ಅಕ್ಕಾ, ಹಾಸಿಗೆ ಬಟ್ಟೆ ಒಗೆಸೋದಕ್ಕೂ ಸಾಲೋದಿಲ್ಲ ಅಂದೆ. ‘ಹೂಂ ಅಂತ ಒತ್ತವ್ವಾ, ಅವನಿಗೆ ಬೇರೆ ಕಡೆ ಕಡಿಮೆಗೆ ಸಿಕ್ಕಿಬಿಟ್ಟೀತು’ ಅಂದರು.”

ವ್ಯಾಪಾರಿ ಫೋಟೋವನ್ನು ಮೆಲ್ಲಗೆ ಮುಂದಿನ ಮೇಜಿನ ಮೇಲೆ ಇಟ್ಟ. ಆಮೇಲೆ ಕೇಳಿದ: “‘ನಾನು ನಿನ್ನ ಅಕ್ಕ’ ಅಂತ ಒಂದು ಮಾತು ತಿಳಿಸಬಾರದಿತ್ತೇ?”

“ನಾನೂ ಅದನ್ನೇ ಕೇಳಿದೆ ಅಣ್ಣಾ. ಹೆಸರು ಕೇಳಿದರೆ ಬರಲಿಕ್ಕಿಲ್ಲ, ದುಡ್ಡು ಕಟ್ಟಿದ ಮೇಲಾದರೆ ಬಂದಾನು ಅಂದರು. ನೀವು ಕಟ್ಟಲಿಲ್ಲ. ಫೋನು ಕೆಟ್ಟಿರಬೇಕು, ಸರಿಹೋದ ಮೇಲೆ ಕಟ್ಟಿ ಬರುತ್ತಾನೆ ಅಂತ ಮೂರು ದಿನ ಆ ಕೋಣೆಯನ್ನು ಯಾರಿಗೂ ಕೊಡಲಿಲ್ಲ.”

ಆ ಮನೆ ಎಲ್ಲಿ ಎಂದು ವ್ಯಾಪಾರಿ ಕೇಳಿದ. ಅವಳು ಗುರುತು ಹೇಳಿದಳು. ಅವನು ಒಂಬೈನೂರು ಕೊಟ್ಟು ಉಳಿದಿದ್ದ ವಸತಿಗೃಹದ ಹಿಂದಿನ ಬೀದಿ ಅದು. ಎರಡು ದಿನ ಚಹಾ ಕುಡಿಯಲು ಅವನು ಅದೇ ಬೀದಿಯಲ್ಲಿ ಓಡಾಡಿದ್ದ.

ಮರುದಿನವೇ ಅವನು ಆ ಊರಿಗೆ ಹೊರಟ. ಮನೆಗೆ ಆಗಲೇ ಬೇರೆ ಸಂಸಾರ ಬಂದಿತ್ತು. ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು. ಅವನು ಬೀದಿಯ ಎದುರು ಬದಿಯಲ್ಲಿ ನಿಂತು ನೋಡುತ್ತಿದ್ದ. ಮನೆಯ ಹೆಂಗಸು ಹೊರಗೆ ಬಂದು, “ಕೋಣೆ ಬೇಕಿತ್ತೇನು?” ಎಂದು ಕೇಳಿದಳು. ಅವನಿಗೆ ಬೇಕು ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಆಕೆ ಸ್ವಲ್ಪ ಕಾದು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಅವನಿಗೆ ಗೊತ್ತಿರಲಿಲ್ಲವಲ್ಲ ಗುರುಗಳೇ. ಗೊತ್ತಿಲ್ಲದೆ ಆದದ್ದು ಹೇಗೆ ತಪ್ಪಾಗುತ್ತದೆ?”

ಗುರುಗಳು ಹೇಳಿದರು: “ಅಷ್ಟು ಬೇಗ ಹೂಂ ಎಂದವರು ಎಷ್ಟು ವರ್ಷದಿಂದ ಕಾದಿದ್ದರು ಎಂಬುದು, ಬೆಲೆ ಕೇಳುವವನಿಗೆ ಎಂದೂ ಗೊತ್ತಾಗುವುದಿಲ್ಲಪ್ಪ.”