ಚಪ್ಪಲಿ ಕಾಯುವವಳ ಚಪ್ಪಲಿ

ಶಾಲೆಯ ಆಟೋಟದ ದಿನ. ಬರಿಗಾಲಲ್ಲಿ ಓಡಲು ಹೋದ ಮಕ್ಕಳ ಚಪ್ಪಲಿಗಳು ಹೊಂಗೆ ಮರದ ಕೆಳಗೆ ರಾಶಿ ಬಿದ್ದಿದ್ದವು. ಅವನ್ನು ಕಾಯಲು ಕೂತಿದ್ದ ಆರನೇ ತರಗತಿಯ ರತ್ನಮಾಲಾಳ ನೀಲಿ ಚಪ್ಪಲಿ ಮಾತ್ರ ಅವಳ ಕಾಲಲ್ಲೇ ಇತ್ತು.

ರಾಶಿಯಲ್ಲಿದ್ದ ಕೆಂಪು ಚಪ್ಪಲಿ ಕೇಳಿತು, "ನಿನ್ನನ್ನು ಯಾಕೆ ಕಳಚಿಲ್ಲ?"

"ಇವಳು ಮೂರನೇ ತರಗತಿಯಲ್ಲಿದ್ದಾಗ ಓಟದಲ್ಲಿ ಬಿದ್ದಳು. ಡ್ರಿಲ್ ಮೇಷ್ಟರು ಬೈದು ಇಲ್ಲಿ ಕೂರಿಸಿದರು. ಅಂದಿನಿಂದ ಇದೇ ಕೆಲಸ."

"ಬಿದ್ದವರೆಲ್ಲ ಕೂತುಬಿಟ್ಟರೆ ಓಡುವವರು ಯಾರು?"

ಆ ಮಾತು ಹುಡುಗಿಗೆ ಕೇಳಿಸಿತೋ ಏನೋ. ಅವಳು ನೀಲಿ ಚಪ್ಪಲಿಯನ್ನು ಕಳಚಿ ರಾಶಿಯ ಪಕ್ಕ ಇಟ್ಟಳು. ಹೋಗಿ ಸುಣ್ಣದ ಗೆರೆಗೆ ಹೆಬ್ಬೆರಳು ತಾಗಿಸಿ ನಿಂತಳು.

ಸೀಟಿ ಊದಲಿದ್ದ ಮೇಷ್ಟರು ಅವಳನ್ನು ಕಂಡು ನಕ್ಕರು. "ನೀನು ಬಂದ್ರೆ ಚಪ್ಪಲಿ ಯಾರಮ್ಮ ನೋಡ್ಕೊಳ್ಳೋರು? ನಿನ್ನಷ್ಟು ಜವಾಬ್ದಾರಿ ಇರೋ ಹುಡುಗಿ ಈ ಶಾಲೇಲೇ ಇಲ್ಲ."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ರತ್ನಮಾಲಾ ತಲೆ ತಗ್ಗಿಸಿಕೊಂಡು ಮರದ ಕೆಳಗೆ ಬಂದು ಚಪ್ಪಲಿ ಮೆಟ್ಟಿದಳು. ಅವಳ ಹಿಂದೆ ಸೀಟಿ ಕೇಳಿಸಿತು.

"ಇರಲಿ ಬಿಡು," ಎಂದಿತು ಕೆಂಪು ಚಪ್ಪಲಿ. "ಮುಂದಿನ ವರ್ಷ ಮತ್ತೆ ಎದ್ದು ಹೋಗುತ್ತಾಳೆ."

ಸುಣ್ಣ ಅಂಟಿದ ಹೆಬ್ಬೆರಳು ನೀಲಿ ಚಪ್ಪಲಿಯನ್ನು ಬಿಗಿಯಾಗಿ ಒತ್ತಿಕೊಂಡಿತ್ತು.

"ಇನ್ನು ಏಳುವುದಿಲ್ಲ," ಎಂದಿತು ನೀಲಿ ಚಪ್ಪಲಿ. "ಬೈದಿದ್ದನ್ನು ಮೂರು ವರ್ಷಕ್ಕಾದರೂ ಮರೆತಿದ್ದಳು. ಈ ಸಲ ಹೊಗಳಿಬಿಟ್ಟರು."