ಆನೆ ಏರದ ವೈದ್ಯ

ರಾಣಿ ಲಕುಮಾದೇವಿಯವರು ಬೆಳಗಿನ ಎರಡನೆಯ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟರೆಂಬ ಆಘಾತಕರ ಸುದ್ದಿಗೆ ರಾಜಧಾನಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಆಸ್ಥಾನದ ಪಂಡಿತರು ಬಾಯಿಯ ಮೂಲಕ ಎಂಡೋಸ್ಕೋಪಿ ಕೊಳವೆ ಇಳಿಸಿ ನೋಡಿ, ಜಠರದ ಗೋಡೆಯಲ್ಲಿ ಹುಣಸೆ ಬೀಜದಷ್ಟು ಗಂಟಿದೆ, ತೆಗೆಯದಿದ್ದರೆ ಪ್ರಾಣಕ್ಕೆ ಸಂಚಕಾರ ಎಂದರು. ಸಂಜೆಯೇ ಡಂಗುರ ಸಾರಿದರು: ಗಂಟು ತೆಗೆದವನು ರಾಜವೈದ್ಯ, ಆದರೆ ಮೊದಲು ರಾಣಿಯ ಮೂರು ಒಗಟು ಬಿಡಿಸಬೇಕು, ತಪ್ಪಿದರೆ ತಲೆದಂಡ.

ಒಗಟಿನ ಹಟ ರಾಣಿಯದೇ. ಇಂಥದೇ ಗಂಟು ತೆಗೆಸಿಕೊಂಡ ಅವರ ತಾಯಿ ರಕ್ತ ನಿಲ್ಲದೆ ತೀರಿಕೊಂಡಿದ್ದರು. ತೆಗೆದ ವೈದ್ಯರಿಗೆ ಪದಕ ಸಿಕ್ಕಿತ್ತು.

ಕಡಿಯುವ ಮುನ್ನ ವೈರಿಗೆ ಹಾಸಬೇಕಾದ ಹಾಸಿಗೆ ಯಾವುದು ಎಂದು ಕೇಳಿದಾಗ ಹಿರಿಯ ಪಂಡಿತರು ರೇಷ್ಮೆಯದು ಎಂದರು. ಇನ್ನೊಬ್ಬರು ಅದನ್ನು ದಾಟಿ, ಕೆಂಪು ಹೊಳೆ ಉಕ್ಕಿದಾಗ ಮೊದಲು ಬೇಕಾದದ್ದು ಬೆಂಕಿ ಎಂದು ಎಡವಿದರು. ಮತ್ತೊಬ್ಬರು ಕೊನೆಯವರೆಗೂ ಬಂದು, ಎಲ್ಲ ಮುಗಿದ ಮೇಲೆ ಶುರುವಾಗುವುದು ಊಟ ಎಂದರು. ಒಳಗೆ ಏನು ಕೇಳುತ್ತಾರೆಂದು ಹೊರಗೆ ಕಾದವರಿಗೆ ತಿಳಿಯುತ್ತಿರಲಿಲ್ಲ. ತಿಳಿದವರು ಹೊರಗೆ ಬರುತ್ತಿರಲಿಲ್ಲ.

ಗಡಿಯೂರಿನ ಆಸ್ಪತ್ರೆಯಿಂದ ಕಿರಿಯ ವೈದ್ಯ ಸಣ್ಣೀರಯ್ಯ ಬಂದ. ಅಲ್ಲಿನ ಹಿರಿಯರು ತಮ್ಮ ತಲೆಗಳ ಕಾಳಜಿಯಿಂದ ಅವನನ್ನು ಆರಿಸಿದ್ದರು.

ಹಾಸಿಗೆ ನೀರಿನದು ಎಂದ. ಗಂಟಿನ ಕೆಳಗೆ ಸೂಜಿಯಿಂದ ಉಪ್ಪುನೀರು ಬಿಟ್ಟರೆ ಗಂಟು ಮೇಲೇಳುತ್ತದೆ, ಆಳದ ರಕ್ತನಾಳ ಕತ್ತಿಯಿಂದ ದೂರ ಉಳಿಯುತ್ತದೆ. ಎರಡನೆಯದಕ್ಕೆ ಕಣ್ಣು ಎಂದ. ತೊಳೆದು, ಚಿಮ್ಮುವ ನಾಳವನ್ನು ಕಂಡು, ಅದನ್ನಷ್ಟೇ ಹಿಡಿದು ಚೂರು ಸುಡಬೇಕು. ಕಾಣದೆ ಸುಟ್ಟರೆ ಜಠರ ತೂತಾಗುತ್ತದೆ. ಮೂರನೆಯದಕ್ಕೆ ರಾಣಿಯ ಕಡೆ ತಿರುಗಿದ.

"ಕಾವಲು, ತಾಯಿ. ಇವತ್ತು ನಿಂತ ರಕ್ತ ನಾಳೆಯೋ ನಾಡಿದ್ದೋ ಮತ್ತೆ ಬರಬಹುದು. ಕೊಯ್ದವನು ಪಕ್ಕ ಬಿಟ್ಟು ಹೋಗಬಾರದು."

"ನಮ್ಮಮ್ಮನ ಪಕ್ಕ ಯಾರೂ ಇರಲಿಲ್ಲ ಕಣಪ್ಪ," ಎಂದರು ರಾಣಿ.

ಮಹಾರಾಜರು ತಲೆದೂಗಿ, ವೈದ್ಯನ ಮಾತನ್ನು ಕಲ್ಲಿನಲ್ಲಿ ಕೆತ್ತಿಸಲು ಅಪ್ಪಣೆ ಮಾಡಿದರು. ಸಣ್ಣೀರಯ್ಯ ಹೇಳಿದಂತೆಯೇ ಗಂಟು ತೆಗೆದ.

ಮರುದಿನ ಬೆಳಿಗ್ಗೆ ಮೆರವಣಿಗೆಯ ಆನೆ ಬಂತು. ಹೊಸ ರಾಜವೈದ್ಯ ಆನೆ ಏರಿ ಊರು ಸುತ್ತಬೇಕೆಂಬುದು ಪದ್ಧತಿ. ಒಂದು ವಾರ ತಡೆಯಿರಿ ಎಂದು ಅವನು ಬೇಡಿಕೊಂಡ.

"ಆನೆಗೆ ಸ್ನಾನ ಆಗಿದೆ. ಈಗ ಬೇಡ ಅಂದ್ರೆ ಹೇಗೆ ಸ್ವಾಮಿ?" ಎಂದ ಅರಮನೆಯ ಪಾರುಪತ್ಯಗಾರ.

"ರಾಣಿಯವರ ಪಕ್ಕ ಯಾರಿರ್ತಾರೆ?"

"ನಿಮ್ಮ ಮಾತು ಕಲ್ಲಲ್ಲಿ ಕೆತ್ತಿಸ್ತಾ ಇದೀವಲ್ಲ."

ಸಣ್ಣೀರಯ್ಯ ಕದಲಲಿಲ್ಲ. ಖಾಲಿ ಆನೆ ಊರು ಸುತ್ತುವುದು ಅಪಶಕುನವಾದ್ದರಿಂದ ಮಹಾರಾಜರ ಬಾಮೈದ ನಂಜರಾಜ ಅರಸರು ಏರಿ ಕೂತರು. ವಾದ್ಯಗಳು ಪೇಟೆ ಮುಟ್ಟುವ ಹೊತ್ತಿಗೆ ರಾಣಿ ರಕ್ತ ಕಾರಿಕೊಂಡರು. ಸಣ್ಣೀರಯ್ಯ ಮತ್ತೆ ಕೊಳವೆ ಇಳಿಸಿ, ತೊಳೆದು, ಒಸರುವ ಜಾಗ ಹುಡುಕಿ ಪುಟ್ಟ ಕ್ಲಿಪ್ ಹಾಕಿದ. ರಕ್ತ ನಿಂತಿತು.

ಅವನಿಗೇ ಪದವಿ ಸಲ್ಲಬೇಕೆಂದು ರಾಣಿ ಹಾಸಿಗೆಯಿಂದಲೇ ಹೇಳಿ ಕಳಿಸಿದರು. ಜನ ಆಗಲೇ ಆನೆಯ ಮೇಲಿದ್ದವರಿಗೆ ಹೂವು ಎರಚಿಬಿಟ್ಟಿದ್ದಾರೆ, ಈಗೇನು ಮಾಡಲಾದೀತು ಎಂದು ಮಹಾರಾಜರು ಮರುಗಿದರು.

ರಾಣಿ ಗುಣವಾದ ಮೇಲೆ ಸಣ್ಣೀರಯ್ಯ ಗಡಿಯೂರಿಗೆ ಮರಳಿ ಕೆಲಸಕ್ಕೆ ಹಾಜರಾದ. ನಂಜರಾಜ ಅರಸರು ಸಾಯುವವರೆಗೆ ರಾಜವೈದ್ಯರಾಗಿದ್ದರು.