ಜೇಡಕ್ಕನ ಬಲೆ, ಕೆರೆಯಣ್ಣನ ಪಟದ ಹುಚ್ಚು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮಣ್ಣು ಇನ್ನೂ ಆರಿರಲಿಲ್ಲ. ಯಾವ ಕಡೆಯಿಂದ ಏಳಬೇಕು ಎಂಬುದು ಸೂರ್ಯನಿಗೂ ಆಗತಾನೆ ರೂಢಿಯಾಗುತ್ತಿತ್ತು.

ಆ ಕಾಲದಲ್ಲಿ ಜೇಡಕ್ಕನ ಬಲೆ ಈಗಿನ ಹಾಗಿರಲಿಲ್ಲ. ಹೂ ಕಟ್ಟುವ ದಾರದಷ್ಟು ದಪ್ಪಗೆ, ಬೆಳ್ಳಗೆ ಇತ್ತು. ಕೆರೆಯ ಅಂಚಿನಲ್ಲಿ ಎರಡು ಜೊಂಡಿನ ನಡುವೆ ಅದನ್ನು ಕಟ್ಟಿ ಅವಳು ಕಾಯುತ್ತಿದ್ದಳು. ನೊಣಗಳು ಮುಂದೆ ನೋಡುವ ಜಾತಿಯಲ್ಲ. ನೀರನ್ನೇ ನೋಡಿಕೊಂಡು ಹಾರುತ್ತಾ ಬಂದು ಬಲೆಗೆ ಬೀಳುತ್ತಿದ್ದವು. ಜೇಡಕ್ಕನ ಊಟಕ್ಕೆ ತೊಂದರೆ ಇರಲಿಲ್ಲ.

ತೊಂದರೆ ಶುರುವಾಗಿದ್ದು ಕೆರೆಯಣ್ಣನಿಂದ.

ಅವನಿಗೊಂದು ಹುಚ್ಚು ಹಿಡಿಯಿತು. ಪಟ ಹಿಡಿಯುವ ಹುಚ್ಚು. ನೀವು ಫೋಟೊ ಅನ್ನುತ್ತೀರಲ್ಲ, ಅದೇ. ತನ್ನ ನೀರಿನಲ್ಲಿ ಕಂಡದ್ದೆಲ್ಲ ಮೂಡುತ್ತದೆ ಎಂದು ಗೊತ್ತಾದ ದಿನದಿಂದ ಯಾರನ್ನೂ ಸುಮ್ಮನೆ ಬಿಡಲಿಲ್ಲ. ಬೆಟ್ಟದ ಪಟ ಹಿಡಿದ. ನೀರು ಕುಡಿಯಲು ಬಂದ ಎಮ್ಮೆಯ ಪಟ ಹಿಡಿದ. "ಹಾಗೇ ನಿಲ್ಲು, ಹಾಗೇ ನಿಲ್ಲು" ಅನ್ನಿಸಿಕೊಂಡು ಕೊಕ್ಕರೆ ಒಂದೇ ಕಾಲಿನಲ್ಲಿ ನಿಂತೂ ನಿಂತೂ ಇನ್ನೊಂದು ಕಾಲು ಇರುವುದನ್ನೇ ಮರೆಯಿತು.

ಒಂದು ದಿನ ಅವನ ಕಣ್ಣು ಬಲೆಯ ಮೇಲೆ ಬಿತ್ತು.

"ಜೇಡಕ್ಕಾ! ಅಲ್ಲಾಡಬೇಡ. ಎಷ್ಟು ಚೆನ್ನಾಗಿ ಬರ್ತಾ ಇದೆ ಗೊತ್ತಾ?"

"ಏನಪ್ಪಾ ಬರ್ತಾ ಇರೋದು?"

"ನಿನ್ನ ಬಲೆಯ ಪಟ! ಎಂಟು ಕಾಲೂ ಬಿದ್ದಿದೆ!"

ಬಲೆಯ ಪಟ ನೀರಿನ ಮೇಲೆ ದೊಡ್ಡದಾಗಿ ಮೂಡಿತು. ನೊಣಗಳು ನೀರು ನೋಡಿದವು, ಪಟ ನೋಡಿದವು, ಪಕ್ಕಕ್ಕೆ ತಿರುಗಿ ಹೋದವು. ಅವತ್ತು ಜೇಡಕ್ಕನಿಗೆ ಉಪವಾಸ.

ಅವಳು ಬಲೆ ಬಿಚ್ಚಿ ಹತ್ತು ಹೆಜ್ಜೆ ಆಚೆ ಕಟ್ಟಿದಳು.

"ಜೇಡಕ್ಕಾ! ಅಲ್ಲಾಡಬೇಡ!" ಎಂದ ಕೆರೆಯಣ್ಣ.

ಇನ್ನೂ ಇಪ್ಪತ್ತು ಹೆಜ್ಜೆ ಆಚೆ ಕಟ್ಟಿದಳು.

"ಜೇಡಕ್ಕಾ! ಇಲ್ಲಿ ಬೆಳಕು ಇನ್ನೂ ಚೆನ್ನಾಗಿದೆ!"

ಜೇಡಕ್ಕನಿಗೆ ತಲೆ ಚಿಟ್ಟು ಹಿಡಿಯಿತು. "ನಿನ್ನ ಪಟಕ್ಕಿಷ್ಟು ಬೆಂಕಿ ಹಾಕ! ನನ್ನ ಹೊಟ್ಟೆಯಲ್ಲಿ ಮೊಟ್ಟೆ ಇದೆ ಕಣೋ. ತಿಂದರೆ ತಾನೇ ಇಡೋದು?" ಎಂದು ಕೂಗಿದಳು.

ಆ ಮಾತು ನಿಜ. ಲೋಕದಲ್ಲಿ ಆಗ ಇದ್ದದ್ದು ಅವಳೊಬ್ಬಳೇ ಜೇಡ. ಮೊಟ್ಟೆ ಇಟ್ಟು ಅವಕ್ಕೆ ನೂಲಿನ ಚೀಲ ಹೊಲಿಯುವಷ್ಟು ತ್ರಾಣ ಬರದಿದ್ದರೆ ಅವಳೇ ಕೊನೆಯ ಜೇಡ.

ಕೆರೆಯಣ್ಣನಿಗೆ ಅದು ಕೇಳಿಸಿತೇ? ಎಲ್ಲಿ ಕೇಳಿಸುತ್ತದೆ! "ಕೂಗುವಾಗ ಇನ್ನೂ ಚೆನ್ನಾಗಿ ಕಾಣ್ತೀಯ" ಎಂದ.

ಜೇಡಕ್ಕ ಗಾಳಿರಾಯನ ಹತ್ತಿರ ಹೋದಳು. "ಗಾಳಿರಾಯಾ, ಆ ಕೆರೆಯನ್ನೊಮ್ಮೆ ಕಲಕಿಬಿಡು. ಪಟ ಹಾಳಾಗಲಿ."

ಗಾಳಿರಾಯನಿಗೆ ಮೆಲ್ಲಗೆ ಮಾಡುವ ಕೆಲಸ ಯಾವುದೂ ಬಾರದು. ಉಫ್ ಎಂದು ಊದಿದ. ಪಟವೂ ಚಿಂದಿಯಾಯಿತು, ಬಲೆಯೂ ಚಿಂದಿಯಾಯಿತು.

"ಅಯ್ಯೋ, ಬಲೆಯನ್ನೂ ಹರಿದೆಯಲ್ಲೋ!"

"ಬಲೆ ಬಿಡು ಅಂತ ನೀನು ಹೇಳಲಿಲ್ಲವಲ್ಲಮ್ಮಾ" ಎಂದು ಗಾಳಿರಾಯ ಹೊರಟೇಹೋದ.

ಜೇಡಕ್ಕ ಹರಿದ ಬಲೆಯ ಚೂರುಗಳನ್ನು ತಾನೇ ನುಂಗಿದಳು. ಜೇಡರ ಕಸುಬೇ ಹಾಗೆ. ಹಳೆಯ ನೂಲು ತಿಂದು ಹೊಸ ನೂಲು ತೆಗೆಯಬೇಕು. ಆದರೆ ಖಾಲಿ ಹೊಟ್ಟೆಯಿಂದ ಎಷ್ಟು ನೂಲು ಬಂದೀತು? ಮೊದಲ ದಿನ ತೆಳ್ಳಗೆ ಬಂತು. ಮರುದಿನ ಇನ್ನೂ ತೆಳ್ಳಗೆ ಬಂತು. ಮೂರನೆಯ ದಿನ ಕೂದಲನ್ನು ನಾಲ್ಕಾಗಿ ಸೀಳಿದಷ್ಟು ತೆಳ್ಳಗೆ ಬಂತು. ಅದನ್ನೇ ಹೇಗೋ ಕಟ್ಟಿ ಮುಗಿಸಿದಳು. ಇನ್ನು ಆಗದು ಎಂದು ಎಲೆಯ ಹಿಂದೆ ಮುದುಡಿ ಕುಳಿತಳು.

"ಜೇಡಕ್ಕಾ, ಇವತ್ತು ಬಲೆ ಎಲ್ಲಿ?" ಎಂದ ಕೆರೆಯಣ್ಣ.

ಜೇಡಕ್ಕ ತಲೆ ಎತ್ತಿದಳು. ಬಲೆ ಅವನ ಮುಂದೆಯೇ ಇತ್ತು. ನೀರಿನಲ್ಲಿ ಮಾತ್ರ ಬರೀ ಆಕಾಶ.

ಅವಳು ಎಲೆಯ ಹಿಂದೆಯೇ ಅಡಗಿ ಕಾದಳು. ಸ್ವಲ್ಪ ಹೊತ್ತಿಗೆ ಒಂದು ನೊಣ ಬಂತು, ನೀರು ನೋಡಿತು, ನೇರ ಹಾರಿ ಬಲೆಯಲ್ಲಿ ಬಿತ್ತು. ಆಮೇಲೆ ಇನ್ನೊಂದು, ಅದರ ಹಿಂದೆ ಒಂದು ಏರೋಪ್ಲೇನ್ ಚಿಟ್ಟೆ. ಜೇಡಕ್ಕ ಅಳುತ್ತಲೇ ತಿಂದಳು. ಅಂದೇ ರಾತ್ರಿ ಮೊಟ್ಟೆ ಇಟ್ಟು ಚೀಲ ಹೊಲಿದಳು. ಹೊಟ್ಟೆ ತುಂಬಿದ ಮೇಲೂ ಬಲೆಯ ನೂಲನ್ನು ಮಾತ್ರ ಕಣ್ಣಿಗೆ ಬೀಳದಷ್ಟು ತೆಳ್ಳಗೇ ತೆಗೆದಳು.

ಕೆರೆಯಣ್ಣ ಮಾತ್ರ ಮಂಕಾದ. ಬಲೆ ಕಾಣದೆ ಅವನಿಗೆ ನಿದ್ದೆ ಬರಲಿಲ್ಲ. ನಸುಕಿನಲ್ಲಿ ತಾನೇ ಮಂಜಾಗಿ ಮೇಲೆದ್ದು, ಜೊಂಡನ್ನು ತಡವುತ್ತಾ ಬಂದು, ಬಲೆಯ ಎಳೆ ಎಳೆಗೂ ಹನಿಹನಿಯಾಗಿ ಕುಳಿತ. ಪ್ರತಿ ಹನಿಯೂ ಒಂದು ಪುಟ್ಟ ಕೆರೆ. ಪ್ರತಿ ಹನಿಯಲ್ಲೂ ಒಂದು ಪುಟ್ಟ ಪಟ.

"ಇಲ್ಲಿಗೂ ಬಂದೆಯಾ, ಮಹರಾಯ!" ಎಂದಳು ಜೇಡಕ್ಕ.

ಈ ಸಲ ಅವನು ಅಲ್ಲಾಡಬೇಡ ಅನ್ನಲಿಲ್ಲ. ಹತ್ತಿರದಿಂದ ಅವನಿಗೆ ಬಲೆಯ ಪಕ್ಕದ ಎಲೆ ಕಂಡಿತ್ತು. ಎಲೆಯ ಕೆಳಗಿನ ಚೀಲ ಕಂಡಿತ್ತು. ಚೀಲದೊಳಗಿನ ಮೊಟ್ಟೆಗಳೂ ಕಂಡಿದ್ದವು.

"ಇವಕ್ಕೇ ಏನಕ್ಕಾ ನೀನು ಅಷ್ಟು ಕೂಗಿದ್ದು?" ಎಂದು ಮೆಲ್ಲಗೆ ಕೇಳಿದ. "ನನಗೆ ತಿಳೀಲಿಲ್ಲ. ತಪ್ಪಾಯ್ತು."

ಜೇಡಕ್ಕ ದೊಡ್ಡದೊಂದು ನಿಟ್ಟುಸಿರು ಬಿಟ್ಟಳು. "ನೋಡ್ಕೋ. ನೊಣಗಳು ಏಳೋವರೆಗೆ ಮಾತ್ರ. ಬಿಸಿಲು ಬಿದ್ದ ಮೇಲೆ ಒಂದು ಹನಿ ಕಂಡರೂ ಸುಮ್ಮನಿರಲ್ಲ."

ಕೆರೆಯಣ್ಣ ಅಂದಿನಿಂದ ಆ ಮಾತು ಮೀರಿಲ್ಲ. ಅದಕ್ಕೇ ಮರಿ, ಇಬ್ಬನಿ ಇರುವಾಗ ಎದ್ದು ಹೋದವರ ಫೋಟೊದಲ್ಲಿ ಬಲೆ ಮುತ್ತು ಪೋಣಿಸಿದಂತೆ ಬೀಳುತ್ತದೆ. ಒಂಬತ್ತು ಗಂಟೆಗೆ ಎದ್ದು, ಹಲ್ಲೂ ಉಜ್ಜದೆ ಫೋನ್ ಹಿಡಿದು "ಎಲ್ಲಜ್ಜಿ ಬಲೆ?" ಎಂದು ಹುಡುಕುವ ನಿನಗೆ ಮಾತ್ರ, ತನ್ನ ಮಕ್ಕಳಿಗಾಗಿ ಜೇಡಕ್ಕ ಬಚ್ಚಿಟ್ಟ ಆ ಬಲೆ ಮುಖಕ್ಕೆ ಅಂಟಿಕೊಂಡ ಮೇಲೆಯೇ ಗೊತ್ತಾಗುತ್ತದೆ.